ಬಂಗಾರಿ ಬಾವಿಯ ಠರಾವು

ಸೋಮಿ ಗೌಡಳಿಗೆ ಓದು ಬರಹ ಬಾರದು. ಬಾರದ್ದರಿಂದಲೋ ಏನೋ, ಕಿವಿಗೆ ಬಿದ್ದ ಮಾತು ಅವಳಲ್ಲಿ ಬಿದ್ದ ಹಾಗೇ ಉಳಿಯುತ್ತದೆ. ಮದುವೆಯಾಗಿ ಬಂದ ವರ್ಷ ಅವಳು ಮಾಡಿದ ಸಾರಿಗೆ ಮೂಗು ಮುರಿದ ನಾದಿನಿಯ ಮನೆಯಲ್ಲಿ ಮೂವತ್ತೆರಡು ವರ್ಷಗಳಿಂದ ಅವಳು ಊಟಕ್ಕೆ ಕುಳಿತಿಲ್ಲ. ಹೋಗುತ್ತಾಳೆ, ಮಾತಾಡುತ್ತಾಳೆ, ನಗುತ್ತಾಳೆ, ಎಲೆ ಹಾಕುವ ಹೊತ್ತಿಗೆ ಎದ್ದು ಬರುತ್ತಾಳೆ. ಕೇರಿಯವರು ಇದನ್ನು ಹಟ ಎನ್ನುತ್ತಾರೆ. ಸೋಮಿ ಒಪ್ಪುವುದಿಲ್ಲ. ‘ಅಂದವ್ರಿಗೆ ಮರ್ತೋತು, ನಂಗೆ ಮರೀಲಿಲ್ಲ. ಅದ್ರಲ್ಲಿ ಹಟ ಎಂತದು?’

ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಿಂದ ಪಡುವಣಕ್ಕೆ ಇಳಿದರೆ ಅವಳ ಕೇರಿ, ಅಲ್ಲಿನವರ ಮಾತಿನಲ್ಲಿ ಕೊಪ್ಪ. ನಲವತ್ತು ಮನೆ, ಮನೆಗಳಾಚೆ ಗದ್ದೆ, ಗದ್ದೆಯಾಚೆ ಗಾಳಿಮರಗಳ ಸಾಲು, ಅದರಾಚೆ ಸಮುದ್ರದ ಸದ್ದು. ಭತ್ತ ಕೊಯ್ದ ಮೇಲೆ ಅದೇ ಗದ್ದೆಯ ಮರಳುಮಣ್ಣಿನಲ್ಲಿ ಹೆಂಗಸರು ಮಡಿ ಮಾಡಿ ಈರುಳ್ಳಿ, ಹರಿವೆ, ಬದನೆ ಹಾಕುತ್ತಾರೆ. ಎರಡು ಕೈಯಲ್ಲಿ ಎರಡು ಕೊಡ ಹಿಡಿದು ಮಡಿಯ ನಡುವೆ ನಡೆಯುತ್ತ, ಮಣ್ಣು ಕೊಚ್ಚಿಹೋಗದ ಹಾಗೆ ಬೆರಳ ಸಂದಿನಿಂದ ನೀರು ಬಿಡುತ್ತಾರೆ. ಆ ನೀರು ಬರುವುದು ಗದ್ದೆಯ ಮೂಲೆಯ ಬಾವಿಯಿಂದ. ಪಂಚಾಯ್ತಿಯ ಕಾಗದದಲ್ಲಿ ಅದಕ್ಕೆ ಒಂದು ನಂಬರು ಇದೆ. ಬಾಯಲ್ಲಿ ಅದು ಬಂಗಾರಿ ಬಾವಿ.

ಬಂಗಾರಿ ಸೋಮಿಯ ಅತ್ತೆ. ಊರಿಗೊಂದು ಬಾವಿ ಮಂಜೂರಾಗಿ, ಜಾಗ ಯಾರೂ ಬಿಡದೆ ಕೆಲಸ ನಿಂತಾಗ, ಗಂಡನ ಮಾತಿಗೂ ಕಾಯದೆ ‘ನಮ್ಮ ಮೂಲೆ ತಕಣಿ’ ಎಂದವಳು. ಕೊನೆಯ ಮಗು ಹೊಟ್ಟೆಯಲ್ಲಿದ್ದಾಗಲೇ ಬುಟ್ಟಿಯಲ್ಲಿ ಮಣ್ಣು ಹೊತ್ತಳಂತೆ. ಕಳೆದ ವೈಶಾಖದಲ್ಲಿ, ಮಳೆಗೆ ಹದಿನೈದು ದಿನ ಇರುವಾಗ, ಅವಳು ಹೋದಳು. ಕೊನೆಯ ದಿನಗಳಲ್ಲಿ ಮನೆಯ ನಳದ ನೀರು ಕೊಟ್ಟರೆ ಉಗಿದು, ಬಾವಿಯದೇ ಬೇಕೆಂದು ಕೈ ತೋರಿಸುತ್ತಿದ್ದಳು.

ಅದೇ ಬಾವಿಗೆ ಕಾರ್ತಿಕದ ಒಂದು ಬೆಳಿಗ್ಗೆ ಬೀಗ ಬಿತ್ತು. ಮೇಲೆ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಪಂಪು, ಪಂಪಿನಿಂದ ಹೊರಟ ಹಸಿರು ಪೈಪು ಗದ್ದೆಯ ಅಂಚು ಹಿಡಿದು ಗಾಳಿಮರಗಳ ಕಡೆಗೆ ಹೋಗಿತ್ತು. ಅಲ್ಲಿ ಪಂಚಾಯ್ತಿ ಅಧ್ಯಕ್ಷ ನಾಗಭೂಷಣನ ಭಾವ ಹೊಸದಾಗಿ ಹೋಂ ಸ್ಟೇ ಕಟ್ಟಿದ್ದ. ಸೋಮಿಯ ಈರುಳ್ಳಿ ಸಸಿಗಳಿಗೆ ಆಗ ಹನ್ನೊಂದು ದಿನ.

ಅವಳು ಕೊಡ ಅಲ್ಲೇ ಇಟ್ಟು ಪಂಚಾಯ್ತಿಗೆ ನಡೆದಳು. ನಾಗಭೂಷಣ ಅವರದೇ ವಾರ್ಡಿನಿಂದ ಗೆದ್ದವನು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಜಗಲಿಯ ಮೇಲೆ ನಾಲ್ಕು ಜನರ ಜೊತೆ ಚಾ ಕುಡಿಯುತ್ತಿದ್ದ.

‘ನಾಗಣ್ಣ, ಬಾವಿಗೆ ಬೀಗ ಹಾಕ್ದವ್ರು ಯಾರು?’

‘ನಾನಲ್ಲ ಮಾರಾಯ್ತಿ. ಗ್ರಾಮ ಸಭೆ. ಬಾವಿ ಯಾರೂ ಬಳಸೂದಿಲ್ಲ, ಕುಡಿಯೂ ನೀರಿಗೆ ಕಾದಿರಿಸ್ಬೇಕು ಅಂತ ಠರಾವಾತು.’

‘ನಮ್ಮನ್ನು ಯಾರು ಕೇಳ್ದವ್ರು?’

ಅವನು ಚಾ ಲೋಟ ಕೆಳಗಿಟ್ಟ. ‘ಠರಾವಿಗೆ ನಿಂದೇ ಹೆಬ್ಬೆಟ್ಟು ಅದೆಯಲ್ಲೆ ಸೋಮಿ. ಒತ್ತುವಾಗ ಬುದ್ಧಿ ಎಲ್ಲಿ ಮೇಯೂಕೆ ಹೋಗಿತ್ತು?’

ನಾಲ್ಕು ಜನ ನಕ್ಕರು. ಅವರಲ್ಲೊಬ್ಬನ ಬಾಯಿಂದ ಚಾ ತುಳುಕಿತು. ಸೋಮಿ ಮೆಟ್ಟಿಲಿಳಿದು, ಬಿಸಿಲಿನಲ್ಲಿ ಒಂದೂವರೆ ಮೈಲಿ ನಡೆದು, ಗದ್ದೆಗೆ ಬಂದು ಸಸಿಗಳ ನಡುವೆ ಕುಳಿತಳು. ನಗೆ ಮಾತ್ರ ಜೊತೆಗೇ ಬಂದಿತ್ತು. ಸಸಿಗಳು ಬಾಡಿ ಮಲಗಲು ಆರು ದಿನ ತೆಗೆದುಕೊಂಡವು. ಒಣಗಿದವನ್ನು ಅವಳು ಕೀಳಲಿಲ್ಲ. ಸೊಸೆ ಕೀಳಲು ಹೋದರೆ ತಡೆದಳು. ‘ಇರ್ಲಿ. ನಾ ದಿನಾ ನೋಡ್ಬೇಕು.’

ಹಾಜರಿ ಪುಸ್ತಕ ಬಂದಿದ್ದು ನಿಜ. ಅದು ಪ್ರತಿ ಸಭೆಯ ಮೊದಲೂ ಮನೆಮನೆಗೆ ಬರುತ್ತದೆ. ಸಭೆಗೆ ನೂರು ಜನ ಬೇಕು, ಅದರಲ್ಲಿ ಮೂವತ್ತು ಹೆಂಗಸರು. ಹೆಂಗಸರು ಕೆಲಸ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಬಿಲ್ ಕಲೆಕ್ಟರ್ ದಿನಕರ ಬಗಲಲ್ಲಿ ಪುಸ್ತಕ ಇಟ್ಟುಕೊಂಡು ಬಿಸಿಲಲ್ಲಿ ಬೆವರುತ್ತ ಬರುತ್ತಾನೆ. ಪಾಪದ ಹುಡುಗ ಎಂದು ಅವನಿಗೆ ಮಜ್ಜಿಗೆ ಕೊಡುತ್ತಾರೆ, ಮಜ್ಜಿಗೆಯ ಜೊತೆಗೆ ಹೆಬ್ಬೆಟ್ಟನ್ನೂ ಕೊಡುತ್ತಾರೆ. ಮನೆಯಲ್ಲಿ ಯಾರಿದ್ದಾರೋ ಅವರು ಇಲ್ಲದವರದ್ದನ್ನೂ ಒತ್ತಿಬಿಡುತ್ತಾರೆ. ಇದನ್ನು ಕೊಪ್ಪದಲ್ಲಿ ಯಾರೂ ಮೋಸ ಎಂದುಕೊಂಡಿರಲಿಲ್ಲ. ಮನೆಗೆ ಬಂದವನ ಕೆಲಸ ಮುಗಿಸಿ ಕಳಿಸುವುದು ಮರ್ಯಾದೆ ಎಂದೇ ತಿಳಿದಿದ್ದರು.

ಪಕ್ಕದ ಮನೆಯ ಸೊಸೆ ಜಯಶ್ರೀ ಸ್ವಸಹಾಯ ಸಂಘದ ಪುಸ್ತಕ ಬರೆಯುವವಳು. ಪಿಯುಸಿ ಓದಿ ಬಂದವಳು. ಅವಳೇ ಹೇಳಿದ್ದು: ‘ಚಿಕ್ಕಿ, ಆ ಸಭೆ ಪುಸ್ತಕ ನೋಡೂಕೆ ಆತದೆ. ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕ್ದ್ರೆ ಝೆರಾಕ್ಸ್ ಕೊಡ್ಲೇಬೇಕು. ಮೂವತ್ತು ದಿನದೊಳಗೆ.’

‘ಕೊಡ್ದಿದ್ರೆ?’

‘ಮೇಲಿನವ್ರ ಹತ್ರ ಅಪೀಲು. ಕೊಡ್ದಿದ್ದವ್ರಿಗೇ ದಂಡ.’

‘ದಂಡ’ ಎಂಬ ಮಾತು ಸೋಮಿಗೆ ಹಿಡಿಸಿತು. ಮರುದಿನವೇ ಅಂಚೆ ಕಚೇರಿಗೆ ಹೋಗಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದಳು. ಜಯಶ್ರೀ ಬರೆದಳು. ಪಂಚಾಯ್ತಿಯಲ್ಲಿ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೇ ಬಂದರು. ಆಮೇಲೆ ಮೂವತ್ತು ದಿನ ಸೋಮಿ ಅರ್ಧ ಮೈಲಿ ದೂರದ ಹಳ್ಳದಿಂದ ಕೊಡ ಹೊತ್ತು ಎರಡು ಮಡಿ ಹರಿವೆಯನ್ನು ಮಾತ್ರ ಉಳಿಸಿಕೊಂಡಳು. ಪ್ರತಿ ಕೊಡಕ್ಕೂ ಆ ನಾಲ್ವರ ಮುಖವನ್ನು ಒಂದೊಂದಾಗಿ ನೆನೆಯುತ್ತಿದ್ದಳು. ಹಾಗೆ ನೆನೆದರೆ ಭಾರ ಗೊತ್ತಾಗುತ್ತಿರಲಿಲ್ಲ.

ಇಪ್ಪತ್ತೊಂಬತ್ತನೇ ದಿನ ಲಕೋಟೆ ಬಂತು. ಜಯಶ್ರೀ ಜಗಲಿಯಲ್ಲಿ ಕುಳಿತು ಹೆಸರುಗಳನ್ನು ಓದುತ್ತಾ ಹೋದಳು. ನೂರಾ ಹನ್ನೆರಡು ಜನ ಹಾಜರು, ನಲವತ್ತೊಂದು ಹೆಂಗಸರು. ಕೊಪ್ಪದ ಮನೆಗಳೆಲ್ಲ ಬಂದವು. ಸೋಮಿ ಬಂದಳು, ಸೊಸೆ ಬಂದಳು. ಆಮೇಲೆ ಜಯಶ್ರೀ ತಡೆದು, ಬೆರಳಿಟ್ಟು ಇನ್ನೊಮ್ಮೆ ಓದಿದಳು. ‘ಬಂಗಾರಿ ಕೋಂ ಬೀರಪ್ಪ ಗೌಡ.’

ಬೀರಪ್ಪ ಸೋಮಿಯ ಮಾವ. ಸಭೆ ನಡೆದದ್ದು ಭಾದ್ರಪದದಲ್ಲಿ. ಬಂಗಾರಿ ಆಗ ಮಣ್ಣಾಗಿ ನಾಲ್ಕು ತಿಂಗಳು.

ಸೋಮಿಯ ಮೈಯಲ್ಲಿ ಏನೋ ಹರಿದಂತಾಯಿತು. ದುಃಖವಲ್ಲ. ಹಸಿದು ಬಂದವಳ ಮುಂದೆ ಅನ್ನ ಇಟ್ಟಾಗ ಆಗುವ ಹಾಗೆ. ‘ಸತ್ತವ್ಳ ಕೈಲಿ ಅವ್ಳ ಬಾವಿಯನ್ನೇ ಮುಚ್ಚಿಸ್ದ’ ಎಂದಳು ಮೆತ್ತಗೆ. ‘ಸಿಕ್ಕ.’

ಎರಡು ದಿನ ಆ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎಲೆಅಡಿಕೆ ಚೀಲದಲ್ಲೇ ಇಟ್ಟುಕೊಂಡು ತಿರುಗಿದಳು. ಕುಮಟೆ ಸಂತೆಗೆ ಸೊಪ್ಪು ಕೊಂಡೊಯ್ದಾಗ ಗಿರಾಕಿಗಳಿಗೆ ಎರಡೆಳೆ ಹೆಚ್ಚಿಗೆ ಕೊಟ್ಟಳು. ನಟ್ಟಿಯ ಹಾಡೊಂದು ಕಾಲವಲ್ಲದ ಕಾಲದಲ್ಲಿ ಬಾಯಿಗೆ ಬಂತು. ಮೂರನೇ ದಿನ ಬೀಗ ಹಾಕಿದ ಜಾಲರಿಯ ಮೇಲೆ ಕುಳಿತು, ಅಕ್ಷರ ಬಾರದಿದ್ದರೂ, ಅತ್ತೆಯ ಆ ಗುರುತನ್ನು ಬಿಸಿಲಿಗೆ ಹಿಡಿದು ನೋಡಿದಳು. ಕಪ್ಪು ಗುರುತಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ. ಅದರ ಮೇಲಿನ ಗುರುತಿನಲ್ಲೂ ಅದೇ ಗೆರೆ. ಅದರ ಮೇಲಿನದರಲ್ಲೂ.

ಹದಿನಾಲ್ಕು ವರ್ಷದವಳಿದ್ದಾಗ ಕತ್ತಿ ಬಡಿದು ಸೋಮಿಯ ಎಡ ಹೆಬ್ಬೆರಳು ಸೀಳಿತ್ತು. ಅವಳು ಆ ಬೆರಳನ್ನು ಪೈಪು ಸೋರಿ ನೆಂದ ಮಣ್ಣಿಗೆ ಒತ್ತಿ ನೋಡಿದಳು. ಓರೆ ಗೆರೆ ಬಂತು.

ಆಗ ಎಲ್ಲ ನೆನಪಾಯಿತು. ನಟ್ಟಿ ಮುಗಿದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ದಿನ. ಅಂಚಿನ ಮೇಲೆ ದಿನಕರ. ‘ಸೋಮಕ್ಕ, ಇಲ್ಲೊಂದು, ಇಲ್ಲೊಂದು, ಇಲ್ಲೊಂದು.’ ಅವಳು ಸೀರೆಗೆ ಕೈ ಒರೆಸಿ ಮೂರು ಸಲ ಒತ್ತಿದ್ದಳು. ಮೂರನೆಯದು ಯಾರದ್ದೆಂದು ಕೇಳಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಅತ್ತೆಯ ಹೆಸರು ಇನ್ನೂ ಬದುಕಿದೆಯೆಂದು ಅವಳಿಗೆ ಯಾರು ಹೇಳಬೇಕು?

ಜಯಶ್ರೀ ಅದನ್ನು ಕೇಳಿ, ‘ಅದು ನಮ್ಮಿಬ್ರಿಗೇ ಗೊತ್ತಿರ್ಲಿ ಚಿಕ್ಕಿ. ಸತ್ತವ್ಳ ಹೆಬ್ಬೆಟ್ಟು ಅಂದ್ರೆ ಸಾಕು. ಅವ್ನ ಕತೆ ಮುಗೀತು’ ಎಂದಳು.

ಸೋಮಿ ಒಂದಿಡೀ ದಿನ ಯೋಚಿಸಿದಳು. ಸುಳ್ಳು ಹೇಳಬಾರದೆಂದಲ್ಲ. ಸುಳ್ಳು ಅವಳೂ ಹೇಳಿದವಳೇ. ಆದರೆ ತುಂಬಿದ ಸಭೆಯಲ್ಲಿ ಅವನು ಆ ಗೆರೆಯನ್ನು ತೋರಿಸಿ ಇನ್ನೊಮ್ಮೆ ಚಾ ಲೋಟ ಕೆಳಗಿಟ್ಟರೆ? ಮತ್ತೆ ನಾಲ್ಕಲ್ಲ, ನಾನೂರು ಜನ ನಕ್ಕರೆ? ಸಂಜೆ ಅವಳು ಜಯಶ್ರೀಗೆ ಹೇಳಿದಳು. ‘ಅವ್ನ ಕೈಯಲ್ಲಿ ನನ್ನ ಗುಟ್ಟು ಒಂದೂ ಉಳೀಬಾರ್ದು. ಇದ್ದದ್ದು ನಾನೇ ಹೇಳ್ತೆ. ಕಡೆಗೆ ಅವ್ನು ಎಂತ ಹೇಳ್ತಾನೋ ನೋಡ್ವಾ.’

ಗ್ರಾಮ ಸಭೆಗೆ ಮೊದಲು ವಾರ್ಡ್ ಸಭೆ. ಅಲ್ಲಿ ಬರೆಸಿದ ಬೇಡಿಕೆಯೇ ಗ್ರಾಮ ಸಭೆಯ ಮುಂದೆ ಬರುವುದು. ಅದಕ್ಕೆ ಇಪ್ಪತ್ತು ಜನ ಸಾಕು. ಅಂಗನವಾಡಿಯಲ್ಲಿ ಸೇರಿದ್ದ ಇಪ್ಪತ್ತಾರು ಜನರಲ್ಲಿ ಹದಿನೆಂಟು ಹೆಂಗಸರು. ನಾಗಭೂಷಣ ತಡವಾಗಿ ಬಂದು ಗಡಿಯಾರ ನೋಡುತ್ತ ಕುಳಿತ. ‘ಬಾವಿಯ ಠರಾವು ರದ್ದು ಮಾಡ್ಬೇಕು’ ಎಂದು ಜಯಶ್ರೀ ಅಂದಾಗ ದಿನಕರ ಪೆನ್ನು ಹಿಡಿದು ಅವನ ಮುಖ ನೋಡಿದ.

‘ಬರ್ಕೊ ಮಾರಾಯ’ ಎಂದ ನಾಗಭೂಷಣ. ‘ಬರಿಯೂಕೆ ಎಂತ ಹೋತದೆ?’

ಬರೆದಾಯಿತು. ಅದನ್ನು ಓದಿಸಿ ಕೇಳಿದ ಮೇಲೆಯೇ ಹೆಂಗಸರು ಎದ್ದರು.

ಮಾಘದಲ್ಲಿ ಗ್ರಾಮ ಸಭೆ ಗೊತ್ತಾಯಿತು. ಎಂದಿನಂತೆ ಪುಸ್ತಕ ಬಂತು. ಮೊದಲ ಮನೆಯಲ್ಲಿ ದುರ್ಗ ಎಂಬ ಮುದುಕಿ, ‘ಕೈಯೆಲ್ಲ ಕೆಸರು ಮಗಾ’ ಎಂದಳು. ಎರಡನೇ ಮನೆಯಲ್ಲಿ ಕೈಗೆ ಹಿಟ್ಟು. ಮೂರನೇ ಮನೆಯಲ್ಲಿ ಬೆರಳಿಗೆ ಗಾಯ. ಏಳನೇ ಮನೆಗೆ ಬರುವಾಗ ದಿನಕರನಿಗೆ ಅರ್ಥವಾಗಿತ್ತು. ಸೋಮಿ ಅವನಿಗೆ ಮಜ್ಜಿಗೆ ಕೊಟ್ಟಳು, ಮಾಮೂಲಿನಂತೆ ಉಪ್ಪು ಹಾಕಿ.

‘ಸೋಮಕ್ಕ, ಅಧ್ಯಕ್ಷರು ನನ್ನ ಬೈತಾರೆ.’

‘ಬೈಸ್ಕೊ. ಹೆಬ್ಬೆಟ್ಟು ಇನ್ನು ಸಭೆಯಲ್ಲೇ ಸಿಗೂದು, ಹೇಳು.’

ಆದರೆ ಆ ಸಭೆಗೆ ಅವರು ಹೋಗಲಿಲ್ಲ. ತಾವಿಲ್ಲದೆ ಸಭೆಯಾಗದೆಂದು ನಾಗಭೂಷಣ ಒಮ್ಮೆ ನೋಡಲಿ ಎಂದರು. ಸೋಮಿ ಒಬ್ಬಳು ಹೋದಳು, ಸಭೆಗಲ್ಲ, ಎದುರಿನ ರಸ್ತೆಯಂಚಿಗೆ. ಹರಿವೆ ಕಟ್ಟುಗಳನ್ನು ಹರಡಿ ಕುಳಿತಳು. ಆ ಸಲ ಸಭೆ ನೋಡಿಕೊಳ್ಳಲು ತಾಲೂಕಿನಿಂದ ಬಂದವರು ಕೃಷಿ ಇಲಾಖೆಯ ಶಾಂಭವಿ ಮೇಡಂ. ಅವರು ಪುಸ್ತಕ ನೋಡಲಿಲ್ಲ, ತಲೆ ಎಣಿಸಿದರು. ಎಂಬತ್ತಮೂರು ಜನ, ಹೆಂಗಸರು ಒಂಬತ್ತು. ಕೋರಂ ಇಲ್ಲವೆಂದು ಸಭೆ ಮುಂದೂಡಿ ಜೀಪು ಹತ್ತಿದರು. ಶಾಮಿಯಾನದ ಕೆಳಗೆ ನಾಗಭೂಷಣ ಫೋನು ಕಿವಿಗಿಟ್ಟು ಅತ್ತಿಂದಿತ್ತ ನಡೆಯುತ್ತಿದ್ದ. ಬಿಳಿ ಅಂಗಿಯ ಬೆನ್ನು ಒದ್ದೆಯಾಗಿತ್ತು. ಯಾರೋ ಸೊಪ್ಪಿನ ಬೆಲೆ ಕೇಳಿದರು. ‘ಸ್ವಲ್ಪ ತಡೀರಿ’ ಎಂದಳು ಸೋಮಿ. ಆ ಬೆನ್ನು ಒಳಗೆ ಮರೆಯಾಗುವವರೆಗೂ ಅವಳಿಗೆ ವ್ಯಾಪಾರ ಬೇಡವಾಗಿತ್ತು.

ಮುಂದೂಡಿದ ಸಭೆಗೆ ಕೊಪ್ಪದ ಹೆಂಗಸರು ಬೆಳಿಗ್ಗೆ ಒಂಬತ್ತೂವರೆಗೇ ಶಾಲೆಯ ಸಭಾಂಗಣದಲ್ಲಿ ಮುಂದಿನ ಸಾಲು ಹಿಡಿದರು. ಒಟ್ಟು ನೂರಾ ಅರವತ್ತೇಳು ಜನ, ಎಪ್ಪತ್ತೊಂದು ಹೆಂಗಸರು. ಹೆಬ್ಬೆಟ್ಟನ್ನು ಅಲ್ಲೇ, ಎಲ್ಲರ ಕಣ್ಣೆದುರು ಒತ್ತಿದರು.

ಬಾವಿಯ ವಿಷಯ ಬಂದಾಗ ನಾಗಭೂಷಣ ತಾನೇ ಎದ್ದ. ‘ಅದು ಕುಡಿಯೂ ನೀರಿನ ಠರಾವು. ಆಗಿ ಹೋದದ್ದು. ಮುಂದಿನ ವಿಷಯ.’

ಸೋಮಿ ಎದ್ದು ನಿಂತಳು. ಜಯಶ್ರೀಯ ಭುಜ ಹಿಡಿದಳು. ‘ಮೇಡಮ್ಮ, ಆಗಿ ಹೋದದ್ದು ಎಂತ ಅಂತ ನಮ್ಗೆ ಗೊತ್ತಿಲ್ಲ. ಓದಿ ಹೇಳ್ಲಿ. ಠರಾವು, ಆಮೇಲೆ ಹಾಜರಿದ್ದವ್ರ ಹೆಸ್ರು.’

‘ಕೇಳುವ ಹಕ್ಕಿದೆ’ ಎಂದರು ಶಾಂಭವಿ ಮೇಡಂ. ಪಂಚಾಯ್ತಿಯ ಅಧಿಕಾರಿ ಪಿಡಿಒ ಪುಸ್ತಕ ಕೈಗೆತ್ತಿಕೊಂಡರು.

‘ಅವ್ರಲ್ಲ’ ಎಂದಳು ಸೋಮಿ. ‘ಅಧ್ಯಕ್ಷರೇ ಓದ್ಲಿ. ಅವ್ರೇ ಸೈ ಮಾಡ್ದವ್ರು. ನಮ್ಮ ಬುದ್ಧಿಯಂತೂ ಮೇಯೂಕೆ ಹೋಗಿತ್ತು.’

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾಗಭೂಷಣ ಪುಸ್ತಕ ತೆಗೆದುಕೊಂಡ. ಠರಾವು ಓದಿದ. ಹೆಸರು ಓದತೊಡಗಿದ. ದುರ್ಗ ಎದ್ದಳು. ‘ನಾ ಬರ್ಲಿಲ್ಲ. ಅವತ್ತು ನಂಗೆ ಜ್ವರ.’ ಮುಂದಿನ ಹೆಸರು. ‘ಬರ್ಲಿಲ್ಲ.’ ಮುಂದಿನದು. ‘ನಾ ತವರಲ್ಲಿದ್ದೆ, ಬಾಣಂತಿ.’ ಒಬ್ಬೊಬ್ಬರೂ ಎದ್ದರು, ಎದ್ದವರು ಕೂರಲಿಲ್ಲ. ಅವನ ದನಿ ಪ್ರತಿ ಹೆಸರಿಗೂ ಒಂದು ಮೆಟ್ಟಿಲು ಇಳಿಯುತ್ತಿತ್ತು. ಸೋಮಿ ಅದನ್ನು ಕಣ್ಣು ಮುಚ್ಚಿ ಕೇಳಿದಳು.

ಒಂದು ಕಡೆ ದನಿ ನಿಂತೇ ಹೋಯಿತು.

‘ಓದಿ ಅಧ್ಯಕ್ಷರೇ.’

‘ಬಂಗಾರಿ.’

‘ಯಾವ ಬಂಗಾರಿ?’

‘ಬಂಗಾರಿ ಕೋಂ ಬೀರಪ್ಪ ಗೌಡ.’

‘ಅವ್ಳು ಹಾಜರಿದ್ಳಾ? ನೀವು ಅವ್ಳ ತಿಥಿ ಊಟಕ್ಕೆ ಬಂದು ಎರಡು ಸಲ ಪಾಯ್ಸ ಹಾಕ್ಸ್ಕೊಂಡ್ರಿ. ಮರ್ತೋತಾ?’

ನಾಗಭೂಷಣ ಹಾಳೆಗೆ ಮುಖ ಹತ್ತಿರ ತಂದ. ಅವನ ಕಣ್ಣಿಗೂ ಆ ಗೆರೆ ಬಿತ್ತೆಂದು ಸೋಮಿಗೆ ತಿಳಿಯಿತು. ಅವನ ತುಟಿಯಲ್ಲಿ ಹಳೆಯ ನಗೆಯ ಒಂದು ಚೂರು ಮೂಡಿತು. ‘ಮೇಡಂ, ಇದು ಅವ್ರ ಮನೆಯವ್ರೇ ಯಾರೋ...’

‘ನಾನೇ’ ಎಂದಳು ಸೋಮಿ, ಅವನ ಮಾತು ಮುಗಿಯುವ ಮೊದಲು. ‘ಆ ಮೂರೂ ನಂದೇ. ನಿಮ್ಮ ದಿನಕರ ಗದ್ದೆಯಂಚಿಗೆ ಪುಸ್ತಕ ತಂದ. ತೋರ್ಸ್ದಲ್ಲಿ ಒತ್ತಿದೆ. ನಾ ಮಾಡಿದ್ದು ತಪ್ಪು. ಆ ದಿವ್ಸ ಸಭೆ ಆಗ್ಲೇ ಇಲ್ಲ ಮೇಡಮ್ಮ, ಪುಸ್ತಕ ಮಾತ್ರ ಊರು ಸುತ್ತಿ ಬಂತು. ಅಲ್ವನಾ ದಿನಕರ?’

ಬಾಗಿಲ ಬಳಿ ನಿಂತಿದ್ದ ದಿನಕರ ನಾಗಭೂಷಣನ ಕಡೆ ನೋಡಲಿಲ್ಲ. ‘ಹೌದು’ ಎಂದ. ‘ಅಧ್ಯಕ್ಷರು ಹೇಳ್ದ್ರು, ಪುಸ್ತಕ ತಕಂಡು ಹೋದೆ.’

ನಾಗಭೂಷಣನ ಬಾಯಿ ತೆರೆದೇ ಇತ್ತು. ಸೋಮಿ ನಾಲ್ಕು ತಿಂಗಳು ಕಾದದ್ದು ಆ ತೆರೆದ ಬಾಯಿಗೆ. ಅವಳು ಅದನ್ನು ನಿಧಾನವಾಗಿ, ಮನಸಾರೆ ನೋಡಿದಳು.

‘ಇದನ್ನು ಬರೆದುಕೊಂಡರೆ ನಿಮ್ಮ ತಪ್ಪೂ ದಾಖಲಾಗುತ್ತದೆ’ ಎಂದರು ಶಾಂಭವಿ ಮೇಡಂ.

‘ಬರೀರಿ. ಮೊದ್ಲು ನಂದೇ ಬರೀರಿ.’

ಕೈ ಎತ್ತಿಸಿದರು. ಹಳೆಯ ಠರಾವು ರದ್ದಾಯಿತು. ಬಾವಿ ಊರ ಬಳಕೆಗೆ, ಪಂಪು ತೆಗೆಯಬೇಕು, ಬೀಗ ಅದೇ ದಿನ ತೆಗೆಯಬೇಕು ಎಂದು ಬರೆದು ಓದಿ ಹೇಳಿದರು. ಪಂಚಾಯ್ತಿಯ ಮೇಲಿನ ದೂರನ್ನು ಕುಮಟೆಯಲ್ಲಿ ತಾಲೂಕು ಪಂಚಾಯ್ತಿಗೆ ಲಿಖಿತವಾಗಿ ಕೊಡಬೇಕು, ಮೇಲಿನವರು ವಿಚಾರಣೆ ಮಾಡುತ್ತಾರೆ, ಸುಳ್ಳು ಸಭೆ ಸಾಬೀತಾದರೆ ಅಧ್ಯಕ್ಷರ ಸ್ಥಾನಕ್ಕೇ ಕುತ್ತು ಬರಬಹುದು ಎಂದೂ ಮೇಡಂ ಹೇಳಿದರು. ಜಯಶ್ರೀ ಆ ಕಾಗದವನ್ನು ಅಲ್ಲೇ, ಶಾಲೆಯ ಬೆಂಚಿನ ಮೇಲೆ ಬರೆದಳು.

ಮಧ್ಯಾಹ್ನ ಇಳಿದ ಮೇಲೆ ನಾಗಭೂಷಣ ಬೀಗದ ಕೈ ಹಿಡಿದು ಬಾವಿಗೆ ಬಂದ, ಒಬ್ಬನೇ. ಹೆಂಗಸರು ಗದ್ದೆಯಂಚಿನಲ್ಲಿ ಸಾಲಾಗಿ ಕುಳಿತಿದ್ದರು. ಅವನು ಬೀಗ ತೆಗೆದು ಜಾಲರಿ ಎತ್ತಿ ಬದಿಗಿಟ್ಟ. ಬಾವಿಯೊಳಗಿನ ತಂಪು ಒಂದು ಉಸಿರಿನಂತೆ ಮೇಲೆ ಬಂತು.

‘ಆತಲ್ಲ ಸೋಮಕ್ಕ’ ಎಂದ. ಅಕ್ಕ ಎಂದದ್ದು ಅದೇ ಮೊದಲು. ‘ಊರೊಳಗಿನ ವಿಷ್ಯ. ಕುಮಟೆವರೆಗೆ ಎಂತಕ್ಕೆ? ಆ ಕಾಗ್ದ ಹರ್ದ್ಹಾಕು.’

ಸೋಮಿ ಒಂದು ಕೊಡವನ್ನು ಕಾಲಿನಿಂದ ಅವನ ಕಡೆ ಸರಿಸಿದಳು. ‘ಹರಿವೆ ಬೆಳಿಗ್ಗೆಯಿಂದ ನೀರು ಕಂಡಿಲ್ಲ.’

ಅವನು ಅವಳ ಮುಖ ನೋಡಿದ, ಹೆಂಗಸರ ಮುಖ ನೋಡಿದ. ಅಂಗಿಯ ತೋಳು ಮಡಚಿ ಹಗ್ಗ ಇಳಿಬಿಟ್ಟ. ಸೇದುವ ರೂಢಿ ತಪ್ಪಿದ ಕೈ. ಮೊದಲ ಕೊಡ ಅರ್ಧ ಅವನ ಮೇಲೇ ಸುರಿಯಿತು. ‘ಮಣ್ಣು ಕೊಚ್ಚಿ ಹೋತದೆ ಅಧ್ಯಕ್ಷರೇ, ಬೆರಳಲ್ಲಿ ಬಿಡಿ’ ಎಂದಳು ದುರ್ಗ. ಯಾರೂ ನಗಲಿಲ್ಲ. ನಗಬಾರದೆಂದು ಸೋಮಿ ಮೊದಲೇ ಹೇಳಿದ್ದಳು. ನಕ್ಕರೆ ಅವನಿಗೆ ಸಿಟ್ಟು ಮಾಡಲು ಒಂದು ಕಾರಣ ಸಿಗುತ್ತದೆ, ಅದೂ ಸಿಗಬಾರದು.

ಇಪ್ಪತ್ತೆರಡು ಕೊಡ. ಎರಡು ಮಡಿಯೂ ಕಪ್ಪಗೆ ನೆಂದವು. ಅಂಗೈ ಕೆಂಪಾಗಿತ್ತು, ಬಿಳಿ ಅಂಗಿಯ ತುಂಬ ಕೆಸರು.

‘ಆತಾ?’

‘ಆತು’ ಎಂದಳು ಸೋಮಿ.

ಅವನು ಹಗುರಾಗಿ ಉಸಿರು ಬಿಟ್ಟು ಅಂಚು ಹಿಡಿದು ಹೋದ.

ಮರುದಿನ ಮೊದಲ ಬಸ್ಸಿಗೆ ಸೋಮಿ ಮತ್ತು ಜಯಶ್ರೀ ಕುಮಟೆಗೆ ಹೋದರು. ತಾಲೂಕು ಪಂಚಾಯ್ತಿಯ ಗುಮಾಸ್ತ ಕಾಗದ ನೋಡಿ ಕನ್ನಡಕ ತೆಗೆದ. ‘ನಿನ್ನೆ ಸಂಜೆ ನಿಮ್ಮ ಅಧ್ಯಕ್ಷರು ಫೋನ್ ಮಾಡಿದ್ರಲ್ಲ? ಎಲ್ಲ ರಾಜಿಯಾತು, ತಾವೇ ನಿಂತು ಗಿಡಕ್ಕೆ ನೀರು ಬಿಟ್ಟೆ ಅಂದ್ರು.’

‘ನೀರು ಬಿಟ್ಟದ್ದು ಹೌದು’ ಎಂದಳು ಸೋಮಿ. ‘ಅವ್ರು ಬಿಟ್ರು, ನಾ ಬೇಡ ಹೇಳ್ಲಿಲ್ಲ. ರಾಜಿ ಎಲ್ಲಿ ಆತು?’

ಗುಮಾಸ್ತ ಅವಳನ್ನೊಮ್ಮೆ ನೋಡಿ, ಎರಡೂ ಪ್ರತಿಗಳ ಮೇಲೆ ತಾರೀಕು ಬರೆದು, ಮೊಹರು ಒತ್ತಿದ.